ಮಿತಿಗೊಂದು ಕೊಸರು

ಝಳಕಿ ಕ್ರಾಸ್

ಆ ದಿನ ಮುಂಜಾನೆ ಝಳಕಿ ಕ್ರಾಸಿನ ಬೇವಿನ ಮರದ ಕೆಳಗೆ ನಾವು ಮೂವರು ನಿಂತಿದ್ದೆವು. ಒಬ್ಬರು ನಮ್ಮ ಮನೆಯವರು, ಇಂಡಿ ಊರಿನ ಕಾಲೇಜಿನಲ್ಲಿ ಫಿಜಿಕ್ಸ್ ಕಲಿಸುವವರು. ಇನ್ನೊಬ್ಬ ನನ್ನ ತಮ್ಮ ಬಸು, ನಮ್ಮನ್ನು ಕಳಿಸಿಕೊಡಲೆಂದೇ ಗೊಳಸಂಗಿಯಿಂದ ಬಂದವನು. ಮೂರನೆಯವಳು ನಾನು, ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಕನ್ನಡ ಹೇಳುವ ಮಾಸ್ತರಬಾಯಿ. ಸೊಲ್ಲಾಪುರದ ಬಸ್ಸು ಬರಬೇಕಾಗಿತ್ತು. ಅಲ್ಲಿಂದ ಮುಂಬಯಿಗೆ ರೈಲು, ಮುಂಬಯಿಯಿಂದ ಜರ್ಮನಿಗೆ ವಿಮಾನ.

ಇಂಡಿಯಿಂದ ಝಳಕಿತನಕ ಬಂದದ್ದು ಟಂಟಂ ರಿಕ್ಷಾದಲ್ಲಿ. ಅದನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಯಾಕೆಂದರೆ ನಮ್ಮ ಮನೆಯವರು ಅಷ್ಟು ದೂರ ಹೊರಟದ್ದೇ ಒಂದು ಜಾಗದಲ್ಲಿ ಕಡೆಗೂ ಎಷ್ಟು ಹಿಡಿಸೀತು ಎಂಬುದರ ಮೇಲೆ ಭಾಷಣ ಮಾಡಲಿಕ್ಕೆ. ಟಂಟಂ ತುಂಬಿ ಕಾಲು ಹೊರಗೆ ಜೋತಾಡುತ್ತಿದ್ದಾಗ ಡ್ರೈವರ್ ಹೊರಳಿ ನೋಡಿ, "ಸರ್, ಸ್ವಲ್ಪ ಸರೀರಿ, ಇನ್ನ ನಾಕ ಮಂದಿ ಹಿಡಿತಾರ" ಅಂದ.

"ಹಿಡಿಯೂದಿಲ್ಲಪಾ."

"ಹಿಡಿತಾರ್ರಿ ಸರ್. ನೀವು ಮೊದಲ ಉಸರ ಬಿಡ್ರಿ."

ಉಸಿರು ಬಿಟ್ಟರು. ನಾಲ್ಕು ಮಂದಿ ಹಿಡಿದರು. ಆಮೇಲೆ ಒಂದು ಆಡೂ ಹಿಡಿಯಿತು.

ನಮ್ಮ ಮನೆಯವರ ವಿದ್ಯೆ ಕಂಪ್ಯೂಟರಿನ ಡಿಸ್ಕಿನದು. ಡಿಸ್ಕಿನೊಳಗೆ ವರ್ಷದಿಂದ ವರ್ಷಕ್ಕೆ ಹೆಚ್ಚು ಹೆಚ್ಚು ತುಂಬಿಕೊಂಡು ಹೊರಟಿದ್ದಾರೆ, ಆದರೆ ಒಂದು ಕಡೆ ನಿಸರ್ಗವೇ ಸಾಕು ಅಂತದೆ, ಆ ಜಾಗ ಇಂಥದ್ದು ಎಂದು ಅವರು ಪೆನ್ಸಿಲ್ಲಿನಲ್ಲಿ ಲೆಕ್ಕ ಮಾಡಿದ್ದರು. ಹತ್ತು ವರ್ಷ ಹಿಡಿದ ಲೆಕ್ಕ. ಕಾಲೇಜಿನಲ್ಲಿ ಒಂದೇ ಒಂದು ಕಂಪ್ಯೂಟರ್ ಇತ್ತು. ಅದರ ಕೋಣೆಗೆ ಚಪ್ಪಲಿ ಬಿಟ್ಟು ಹೋಗಬೇಕು, ದಸರೆಯ ಖಂಡೇಪೂಜೆಗೆ ಅದಕ್ಕೂ ಕುಂಕುಮ ಹಚ್ಚಿ ಕಾಯಿ ಒಡೆಯುತ್ತಿದ್ದರು, ಕರೆಂಟು ಮಾತ್ರ ಇರುತ್ತಿರಲಿಲ್ಲ. ಅದಕ್ಕೇ ಪೆನ್ಸಿಲ್ಲು. ಆ ಲೆಕ್ಕ ಜರ್ಮನಿಯವರ ಪತ್ರಿಕೆಯಲ್ಲಿ ಅಚ್ಚಾಗಿ, ಅವರೇ ಟಿಕೇಟು ಕಳಿಸಿ, ಬಂದು ಮಾತಾಡಿರಿ ಅಂದಿದ್ದರು. ಹೆಂಡತಿಯನ್ನೂ ಕರೆತರಬಹುದು ಎಂದು ಕೆಳಗೆ ಸಣ್ಣ ಅಕ್ಷರದಲ್ಲಿತ್ತು. ಸಣ್ಣ ಅಕ್ಷರ ಓದುವುದು ನನ್ನ ಕಸುಬು.

ಎರಡು ಸಾವಿರನೆಯ ಇಸವಿ ಹುಟ್ಟಿದ ಕೂಡಲೇ ಜಗತ್ತಿನ ಕಂಪ್ಯೂಟರುಗಳೆಲ್ಲ ಕೆಟ್ಟು ನಿಲ್ಲುತ್ತವೆ ಎಂದು ದೊಡ್ಡ ದೊಡ್ಡವರು ಹೆದರಿಸಿ, ಒಂದೂ ಕೆಡದೆ, ಅವರೆಲ್ಲ ಸುಮ್ಮನಾಗಿದ್ದ ಕಾಲ ಅದು. ನಮ್ಮವರದಾದರೂ ನೆಟ್ಟಗಿನ ಭವಿಷ್ಯ ಎಂದು ಊರಿಗೆಲ್ಲ ಸಮಾಧಾನ.

"ಮಾಮಾರ, ಸಿಂದಗಿ ಪೇಂಟರಗ ಬ್ಯಾನರ್ ಬರಿಯಾಕ ಹೇಳೇನಿ" ಅಂದ ಬಸು. "ನೀವು ಬರೂ ದಿನಾ ಇಲ್ಲೇ, ಈ ಮರಕ್ಕ ಕಟ್ಟೂದು. ಪ್ರಿನ್ಸಿಪಾಲರು ಹಾರ ಹಾಕ್ತಾರ."

"ಏನಂತ ಬರಸ್ತೀಪಾ?" ನಮ್ಮ ಮನೆಯವರಿಗೆ ಒಳಗೊಳಗೆ ಖುಷಿ.

"ಜಗತ್ತಿಗೇ ಮಿತಿ ಹಾಕಿದ ನಮ್ಮ ಪ್ರೊಫೆಸರರಿಗೆ ಹಾರ್ದಿಕ ಸ್ವಾಗತ."

"ಮಿತಿ ನಾ ಹಾಕಿಲ್ಲೋ, ಕಂಡು ಹಿಡಿದೇನಿ."

"ಅಷ್ಟ ಉದ್ದ ಬಟ್ಟಿ ಸಿಗೂದಿಲ್ರಿ" ಅಂದ ಬಸು. ಬಸ್ಸು ಬಂತು.

ವಿಮಾನದೊಳಗೆ

ನನಗೆ ಕಿಟಕಿ ಸಿಕ್ಕಿತು. ಹೊರಗೆ ಮೋಡ ಬಿಟ್ಟರೆ ಏನೂ ಇರಲಿಲ್ಲ. ಹೀಗಾಗಿ ಗಂಡನ ವಿದ್ಯೆ ಎಂಥದೆಂದು ಕೇಳಲಿಕ್ಕೆ ಮದುವೆಯಾದ ಮೇಲೆ ಮೊದಲ ಸಲ ಪುರಸೊತ್ತು ಸಿಕ್ಕಿತು.

"ನೋಡು, ಡಿಸ್ಕ್ ಅಂದ್ರ ಒಂದು ತಾಟು ಅಂತ ತಿಳಿ" ಅಂದರು. "ತಾಟಿನ ತುಂಬ ಕಣ್ಣಿಗೆ ಕಾಣದಂಥಾ ಕಾಳು. ಒಂದೊಂದು ಕಾಳೂ ಒಂದು ಅಯಸ್ಕಾಂತ. ಈ ಕಡೆ ಮಾರಿ ಮಾಡಿ ಮಲಗಿದ್ರ ಹೌದು, ಆ ಕಡೆ ಮಾರಿ ಮಾಡಿ ಮಲಗಿದ್ರ ಅಲ್ಲ. ಹಿಂಗ ಹೌದು, ಅಲ್ಲ ಅಂತ ಬರಕೊಂತ ಹೋದ್ರ ನಿನ್ನ ಪಠ್ಯಪುಸ್ತಕ ಪೂರಾ ಬರೀಬಹುದು."

"ಕಾಳು ಸಣ್ಣ ಮಾಡಿದ್ರ ಇನ್ನೂ ಹೆಚ್ಚ ಹಿಡಿತಾವ ಹೌದಲ್ಲೋ?"

"ಹಿಡಿತಾವ. ಆದ್ರ ಬಾಳ ಸಣ್ಣ ಮಾಡಿದ್ರ ಕ್ವಾಣಿಯೊಳಗಿನ ಧಗಿಗೇ ತಾವ ಹೊರಳಿಬಿಡ್ತಾವ. ಬರದದ್ದು ಅಳಿಸಿ ಹೋಗತೈತಿ. ಅಲ್ಲಿಗೆ ಮಿತಿ ಬಂತು."

ಇದು ನನಗೆ ಥಟ್ಟನೆ ತಿಳಿಯಿತು. ನನ್ನ ಹತ್ತನೆಯ ಇಯತ್ತೆಯ ಹುಡುಗಿಯರನ್ನು ಕೂಡಿಸಿ ಹೋದರೆ ಬರುವತನಕ ಕೂತಿರುತ್ತಾರೆ. ಬಾಲವಾಡಿಯವನ್ನು ಕೂಡಿಸಿ ಬೆನ್ನು ತಿರುಗಿಸಿದರೆ ಒಂದೂ ಇದ್ದಲ್ಲಿ ಇರುವುದಿಲ್ಲ.

"ಮತ್ತ ಸಾವಿರಕ್ಕ ಕಂಪ್ಯೂಟರಿನಾಗ ಸಾವಿರದಾ ಇಪ್ಪತ್ನಾಕು ಅಂತಾರಲ್ಲ, ಅದ್ಯಾಕ?"

"ಎರಡನ್ನ ಎರಡರಿಂದ ಗುಣಿಸಿಕೊಂತ ಹೋದ್ರ ಅಲ್ಲಿಗೆ ಬಂದು ನಿಲ್ಲತೈತಿ."

"ಅಂದ್ರ ಇಪ್ಪತ್ನಾಕು ಕೊಸರು!"

"ಕೊಸರಲ್ಲ, ಅದಕ್ಕ ಕಾರಣ ಐತಿ."

ಕಾರಣ ಇದ್ದರೂ ಕೊಸರು ಕೊಸರೇ. ಬಸವನ ಬಾಗೇವಾಡಿಯಲ್ಲಿ ನಮ್ಮಪ್ಪನದು ಕಾಳಿನ ಅಂಗಡಿ. ಅಳೆಯಲು ಕೂಡುತ್ತಿದ್ದವಳು ನಮ್ಮಜ್ಜಿ. ನನಗೆ ಮಾತು ಕಲಿಸಿದವಳೂ ಅವಳೇ, ಸೇರು ಹಿಡಿಯಲು ಕಲಿಸಿದವಳೂ ಅವಳೇ. ಸೇರು ತುಂಬಿ, ಗೋಪುರದಂತೆ ಏರಿ, ಗಿರಾಕಿಯ ಚೀಲಕ್ಕೆ ಸುರಿದಾದ ಮೇಲೆ ರಾಶಿಗೆ ಕೈ ಹಾಕಿ ಇನ್ನೊಂದು ಹಿಡಿ ಒಗೆಯುತ್ತಿದ್ದಳು. ಅದು ಕೊಸರು. ಅದನ್ನು ಹಾಕದಿದ್ದರೆ ಗಿರಾಕಿ ಚೀಲದ ಬಾಯಿ ಕಟ್ಟುತ್ತಲೇ ಇರಲಿಲ್ಲ, ಆಕಾಶ ನೋಡುತ್ತ ಕೂತುಬಿಡುತ್ತಿದ್ದ. ಡಿಸ್ಕ್ ಮಾಡುವ ಕಂಪನಿಯವರು ಮಾತ್ರ ಬರೀ ಸಾವಿರಕ್ಕೆ ಸಾವಿರ ಎಣಿಸಿ ಕೊಡುತ್ತಾರಂತೆ. ಅವರನ್ನು ಬಾಗೇವಾಡಿ ಸಂತೆ ಒಂದು ವಾರವೂ ತಾಳುತ್ತಿರಲಿಲ್ಲ.

"ನನ್ನ ಲೆಕ್ಕಕ್ಕೂ ನಾ ಕೊಸರು ಹಾಕಿದ್ದೆ" ಅಂದರು ನಮ್ಮ ಮನೆಯವರು, ಸ್ವಲ್ಪ ನಾಚಿಕೊಂಡು. "ಬಂದ ಅಂಕಿ ಮ್ಯಾಲೆ ಒಂದೀಟು ಏರಿಸಿ ಬರದಿದ್ದೆ. ಲೆಕ್ಕ ಅಂದ್ರ ಲೆಕ್ಕ, ನಿಸರ್ಗಕ್ಕೂ ಸ್ವಲ್ಪ ಕೈ ಸಡಿಲ ಇದ್ದೀತು ಅಂತ. ಅಚ್ಚು ಹಾಕೂಕಿಂತ ಮೊದಲ ಅದನ್ನ ಒಬ್ಬ ಪಂಡಿತನ ಕಡೆ ಕಳಸ್ತಾರ. ಅವನ ಹೆಸರು ನಮಗ ಹೇಳೂದಿಲ್ಲ. ಆ ಪುಣ್ಯಾತ್ಮ, ಈ ಹೆಚ್ಚಿನ ಅಂಶಕ್ಕ ಆಧಾರ ಏನು ಅಂತ ಕೇಳಿದ. ಆಧಾರ ಎಲ್ಲಿಂದ ತರ್ಲಿ? ತಗದುಬಿಟ್ಟೆ."

"ಕೊಸರು ತಗೀಬಾರದಿತ್ತು" ಅಂದೆ. ಅವರು ನಿದ್ದೆ ಬಂದವರಂತೆ ಮಾಡಿದರು.

ಶನಿವಾರದ ಸಂತೆ

ನಾವಿಳಿದದ್ದು ನದಿಯ ದಂಡೆಯ ಒಂದು ಸಣ್ಣ ಊರು. ಅಲ್ಲಿಯವರ ಮಾತನ್ನು ನಾನು ನಮ್ಮ ಮಾತಿನಲ್ಲೇ ಬರೆಯುತ್ತೇನೆ. ಇಂಗ್ಲಿಷು ಅವರದೂ ಅಷ್ಟಕ್ಕಷ್ಟೆ, ನನ್ನದೂ ಅಷ್ಟಕ್ಕಷ್ಟೆ, ಹೀಗಾಗಿ ಇಬ್ಬರಿಗೂ ಚೆನ್ನಾಗಿ ತಿಳಿಯಿತು.

ಬಸ್ಸುಗಳಲ್ಲಿ ಆಸನಗಳು ಖಾಲಿ ಓಡುತ್ತವೆ. ಒಬ್ಬರ ಪಕ್ಕದಲ್ಲಿ ಜಾಗ ಇದ್ದರೂ ಇನ್ನೊಬ್ಬರು ಕೂಡುವುದಿಲ್ಲ, ಚೀಲ ಕೂಡುತ್ತದೆ. ರಸ್ತೆಯಲ್ಲಿ ಒಂದೂ ಗಾಡಿ ಇಲ್ಲದಿದ್ದರೂ ಕೆಂಪು ದೀಪ ಹಸಿರಾಗುವತನಕ ಮಂದಿ ಕಾಯುತ್ತಾರೆ. ನಾನು ದಾಟಿದೆ. ಹಿಂದಿನಿಂದ ಒಬ್ಬ ಮುದುಕಿ ನನ್ನನ್ನು ಗದರಿಸಿ, ಆಮೇಲೆ ಹಸಿರು ಬಂದ ಮೇಲೆ ದಾಟಿ ಬಂದು, ಮತ್ತೆ ಗದರಿಸಿದಳು.

ಸಭೆ ಸೋಮವಾರಕ್ಕಿತ್ತು. ಶನಿವಾರ ಚರ್ಚಿನ ಮುಂದಿನ ಬಯಲಿನಲ್ಲಿ ಸಂತೆ. ನಮ್ಮ ಮನೆಯವರು ಚರ್ಚಿನ ಗಡಿಯಾರ ನೋಡುತ್ತ ಹಿಂದೆ ಉಳಿದರು. ನಾನು ಸೇಬಿನ ಅಂಗಡಿಗೆ ಹೋದೆ. ಅಂಗಡಿಯಾಕೆ ಗಟ್ಟಿಮುಟ್ಟಾದ ಹೆಂಗಸು, ತಲೆಗೆ ಕೆಂಪು ಅರಿವೆ ಕಟ್ಟಿದ್ದಳು. ತಕ್ಕಡಿಯ ಬದಲು ಮಿಣಮಿಣ ಅಂಕಿ ತೋರಿಸುವ ಯಂತ್ರ. ತೂಗಿದಳು, ಕಾಗದದ ಚೀಲಕ್ಕೆ ಹಾಕಿದಳು, ಕೊಟ್ಟಳು. ನಾನು ನಗುನಗುತ್ತ ರಾಶಿಯಿಂದ ಇನ್ನೊಂದು ಸೇಬು ತೆಗೆದು ಚೀಲಕ್ಕೆ ಹಾಕಿಕೊಂಡೆ.

"ನೈನ್" ಅಂದಳು, ಅಂದರೆ ಅವರ ಮಾತಿನಲ್ಲಿ ಇಲ್ಲ ಅಂತ. ಕೈ ಹಾಕಿ ಸೇಬು ವಾಪಸು ರಾಶಿಗಿಟ್ಟಳು.

ದೊಡ್ಡದಾಯಿತೇನೋ ಅಂದುಕೊಂಡು ಸ್ವಲ್ಪ ಸಣ್ಣದು ತೆಗೆದುಕೊಂಡೆ. "ನೈನ್, ನೈನ್!" ಇನ್ನೂ ಸಣ್ಣದು ಹುಡುಕಿದೆ. ಈಗ ಅವಳು ಕೂಗಿದ್ದು ಗಡಿಯಾರ ನೋಡುತ್ತಿದ್ದವರಿಗೂ ಕೇಳಿರಬೇಕು, ಆದರೆ ನಮ್ಮ ಮನೆಯವರಿಗೆ ಕೇಳಲಿಲ್ಲ. ನನ್ನ ಹಿಂದೆ ಸಾಲು ಬೆಳೆಯಿತು. ಸೀರೆ ಉಟ್ಟ ಕಳ್ಳಿಯನ್ನು ಆ ಊರು ಮೊದಲ ಸಲ ನೋಡುತ್ತಿತ್ತು.

ಆಗ ಸಾಲಿನಲ್ಲಿದ್ದ ಒಬ್ಬ ಅಜ್ಜ, ಕಂಕುಳಲ್ಲಿ ಉದ್ದುದ್ದ ಈರುಳ್ಳಿತಪ್ಪಲಿನ ಕಟ್ಟು ಹಿಡಿದವರು, ಮುಂದೆ ಬಂದು ಏನಾಯಿತೆಂದು ಕೇಳಿದರು.

"ಕಳವಲ್ರಿ ಇದು. ಕೊಸರು" ಅಂದೆ.

"ಕೋಸಾರೂ. ಹಂಗಂದ್ರ?"

"ತೂಕ ಆದ ಮ್ಯಾಲೆ ಮ್ಯಾಲಿಂದು."

"ಎಷ್ಟು?"

"ಎಷ್ಟು ಅಂತ ಇಲ್ರಿ."

ಅಜ್ಜ ಇದನ್ನು ಜರ್ಮನ್ನಿನಲ್ಲಿ ಆಕೆಗೆ ಹೇಳಿದರು. ಆಕೆ ಸೊಂಟದ ಮೇಲೆ ಕೈಯಿಟ್ಟು ಯೋಚಿಸಿ ಏನೋ ಕೇಳಿದಳು.

"ಅದು ಬೆಲಿಯೊಳಗ ಸೇರೇತೇನು ಅಂತ ಕೇಳಾಕತ್ತಾಳ."

"ಇಲ್ರಿ."

"ತೂಕದೊಳಗ?"

"ಇಲ್ರಿ."

"ಮತ್ತ ಎಲ್ಲೈತಿ?"

"ಚೀಲದೊಳಗ" ಅಂದೆ.

ಅಜ್ಜ ನಕ್ಕ ರಭಸಕ್ಕೆ ಕಂಕುಳಿನ ತಪ್ಪಲು ಕೆಳಗೆ ಬಿತ್ತು. ಅವರು ಆಕೆಗೆ ಬಹಳ ಹೊತ್ತು ತಿಳಿಸಿ ಹೇಳಿದರು. ಕೊನೆಗೆ ಆಕೆಯ ಮುಖ ಸಡಿಲಾಯಿತು, ಒಂದು ಚಂದದ ಸೇಬು ಆರಿಸಿದಳು, ಯಂತ್ರದ ಮೇಲಿಟ್ಟಳು, ಅಂಕಿ ನೋಡಿ ತಲೆಯಾಡಿಸಿದಳು, ಆಮೇಲೆ ನನ್ನ ಚೀಲಕ್ಕೆ ಹಾಕಿದಳು. ಕೊಸರನ್ನು ತೂಗಿ ಕೊಟ್ಟ ಊರು ಅದು.

ಸೋಮವಾರ

ಸಭೆಯ ವೇದಿಕೆಯ ಮೇಲೆ ನಡುವಿನ ಕುರ್ಚಿಯಲ್ಲಿ ಆ ಅಜ್ಜ ಕೂತಿದ್ದರು. ಅಧ್ಯಕ್ಷರು ಅವರೇ. ನನ್ನನ್ನು ಕಂಡು ಕೈ ಎತ್ತಿದರು. ಅವರ ಹೆಸರು ನನ್ನ ನಾಲಿಗೆಗೆ ಕಡೆತನಕ ಒಗ್ಗಲಿಲ್ಲ. ಅಜ್ಜಾರು ಅಂತಲೇ ಬರೆಯುತ್ತೇನೆ.

ಅವರ ಪರಿಚಯ ಮಾಡಿಕೊಟ್ಟವರು ಹೇಳಿದ್ದನ್ನು ಕೇಳಿ ನನಗೆ ನನ್ನ ಕಿವಿಯನ್ನೇ ನಂಬಲಾಗಲಿಲ್ಲ. ಅಜ್ಜಾರ ವಿದ್ಯೆ ಕಂಪ್ಯೂಟರಿನೊಳಗಿನ ಚಿಪ್ಪಿನದು. ಚಿಪ್ಪಿನ ಮೇಲೆ ಕೊರೆಯುವ ಗೆರೆ ಇಷ್ಟಕ್ಕಿಂತ ಸಣ್ಣ ಆಗಲಾರದು, ಬೆಳಕಿಗೇ ಅಷ್ಟು ಮೊನೆ ಇಲ್ಲ ಎಂದು ಅವರು ತರುಣರಿದ್ದಾಗ ಸಿದ್ಧ ಮಾಡಿದ್ದರು. ಅದನ್ನು ಯಾರೋ ದಾಟಿದರು. ಅವರಿಗೆ ಒಂದು ಪ್ರಶಸ್ತಿ ಬಂತು. ಮತ್ತೊಂದು ಮಿತಿ ಹೇಳಿದರು. ಅದನ್ನೂ ಯಾರೋ ದಾಟಿದರು, ಇವರನ್ನು ವಿಭಾಗದ ಮುಖ್ಯಸ್ಥರನ್ನಾಗಿ ಮಾಡಿದರು. ಹೀಗೆ ಐದು ಸಲ. ಐದೂ ಮಿತಿ ಮುರಿದು, ಈಗ ಅವರು ಜಗತ್ತಿನಲ್ಲೇ ಮಿತಿಯ ವಿಷಯದ ದೊಡ್ಡ ಪಂಡಿತರು. ನಮ್ಮ ಹೊರ್ತಿಯಲ್ಲಿ ಒಬ್ಬ ಜ್ಯೋತಿಷಿ ಎರಡು ಸಲ ಮಳೆ ತಪ್ಪು ಹೇಳಿದ್ದಕ್ಕೆ ಮಂದಿ ಅವನ ಕಟ್ಟೆಗೆ ಹೋಗುವುದನ್ನೇ ಬಿಟ್ಟರು. ಪಾಪ, ಅವನು ಹುಟ್ಟಬೇಕಾದ ದೇಶ ಇದು.

ಭಾಷಣ ಮಾಡಿದವರೆಲ್ಲ ಪರದೆಯ ಮೇಲೆ ವರ್ಷವರ್ಷಕ್ಕೆ ಏರುವ ಒಂದು ಓರೆಗೆರೆ ತೋರಿಸಿದರು. ಗೆರೆ ಇಲ್ಲಿತನಕ ಗಟ್ಟಿ, ಇಲ್ಲಿಂದ ಮುಂದೆ ಚುಕ್ಕಿಚುಕ್ಕಿ. ಚುಕ್ಕಿ ಎಲ್ಲಿ ನಿಲ್ಲುತ್ತದೋ ಅದು ಅಂತ್ಯ. ಒಬ್ಬರಿಗೆ ಧಗೆಯಿಂದ ಅಂತ್ಯ, ಇನ್ನೊಬ್ಬರಿಗೆ ಗೋಡೆಗಳು ಅಣುವಿನಷ್ಟು ತೆಳುವಾಗಿ ವಿದ್ಯುತ್ತು ಸೋರಿ ಅಂತ್ಯ, ಮತ್ತೊಬ್ಬರಿಗೆ ಕಾರ್ಖಾನೆ ಕಟ್ಟುವ ಖರ್ಚಿನಿಂದ ಅಂತ್ಯ. ಯಾವಾಗ ಎಂದು ಕೇಳಿದರೆ ಎಲ್ಲರದೂ ಒಂದೇ ಉತ್ತರ: ಇನ್ನು ಹತ್ತು ವರ್ಷ.

"ಎಲ್ಲಾರಿಗೂ ಹತ್ತ ಯಾಕರೀ?" ಎಂದು ಗಂಡನ ಕಿವಿಯಲ್ಲಿ ಕೇಳಿದೆ.

"ಹತ್ತ ವರ್ಷಕ್ಕ ಎಲ್ಲಾರೂ ರಿಟೈರ್ ಆಗಿರ್ತಾರ" ಅಂದರು. "ಸುಮ್ನ ಕೇಳು."

ಉಳಿದ ಪಂಡಿತರ ಹೆಂಡಂದಿರಿಗೆ ಮರುದಿನ ದೋಣಿವಿಹಾರ ಇತ್ತು. ನಾನು ಒಲ್ಲೆ ಅಂದೆ. ಮರುದಿನ ಮಧ್ಯಾಹ್ನ ನಮ್ಮವರ ಭಾಷಣ. ಹತ್ತು ವರ್ಷ ಪೆನ್ಸಿಲ್ಲು ಚೂಪು ಮಾಡಿಕೊಟ್ಟವಳು ನಾನು, ನದಿ ಆಮೇಲೆ ನೋಡಿದರಾಯಿತು.

ಮಂಗಳವಾರ

ಮುಂಜಾನೆ ಮೊದಲು ಮಾತಾಡಿದವಳು ಜಪಾನಿನ ಒಬ್ಬ ಹುಡುಗಿ. ಹುಡುಗಿ ಅಂದರೆ ನನ್ನ ಕಣ್ಣಿಗೆ. ಅಲ್ಲಿ ಆಕೆ ಒಂದು ಪ್ರಯೋಗಾಲಯದ ಹಿರಿಯಳು. ಮಾತು ಎಷ್ಟು ಮೆತ್ತಗೆಂದರೆ ಮೈಕಿಗೂ ಕೇಳಿಸಲಿಲ್ಲ. ಡಿಸ್ಕಿನ ಮೇಲೆ ಕಾಳುಗಳು ಇಲ್ಲಿತನಕ ಮಲಗಿರುತ್ತಿದ್ದವು, ನಾವು ಅವನ್ನು ನಿಲ್ಲಿಸಿದೆವು ಅಂದಳು. ನಿಂತರೆ ಜಾಗ ಕಡಿಮೆ ಸಾಕು, ಧಗೆಗೆ ಸುಲಭಕ್ಕೆ ಹೊರಳುವುದೂ ಇಲ್ಲ. ಕೂಡ್ರುವ ಬಸ್ಸಿನಲ್ಲಿ ನಿಲ್ಲುವವರೂ ಹತ್ತಿದ ಹಾಗೆ. ಆಮೇಲೆ ಪರದೆಯ ಮೇಲೆ ಒಂದು ಅಂಕಿ ಬಂತು.

ನಮ್ಮ ಮನೆಯವರು ಪೆನ್ನಿನ ಟೊಪ್ಪಿಗೆ ತಿರುವುತ್ತಿದ್ದದ್ದು ನಿಂತಿತು.

"ಏನಾತ್ರಿ?"

"ದಾಟ್ಯಾಳ" ಅಂದರು. "ನನ್ನ ಮಿತಿ ದಾಟ್ಯಾಳ. ಒಂದೀಟು. ಒಂದೀಟ ದಾಟ್ಯಾಳ."

ಅವರ ಮುಖ ಸುಣ್ಣ ಬಳಿದ ಗೋಡೆಯಾಗಿತ್ತು. ನನಗೆ ಥಟ್ಟನೆ ಹೊಳೆದದ್ದು ಕೇಳಿದೆ: "ಕೊಸರು ಇದ್ದಿದ್ರ?"

ಹಾಳೆಯ ಅಂಚಿನಲ್ಲಿ ಲೆಕ್ಕ ಹಾಕಿ ನೋಡಿದರು. "ಕೊಸರಿನೊಳಗ ಬರ್ತಿತ್ತು" ಅಂದರು.

ಊಟದ ಹೊತ್ತಿಗೆ ಆ ಹುಡುಗಿ ನಮ್ಮ ಮೇಜಿಗೆ ಬಂದಳು. ಸೊಂಟ ಬಗ್ಗಿಸಿ ನಮಸ್ಕಾರ ಮಾಡಿ, ನಿಮ್ಮ ಮಿತಿ ದಾಟಿದ್ದಕ್ಕೆ ಕ್ಷಮೆಯಿರಲಿ ಅಂದಳು. ನಮ್ಮವರು ಎದ್ದು ನಿಂತು, ಇಲ್ಲಮ್ಮ ಇಲ್ಲ ಅಂದರು. ಅವಳು ಮತ್ತೆ ಬಗ್ಗಿದಳು. ಇವರೂ ಬಗ್ಗಿದರು. ಇಬ್ಬರಲ್ಲಿ ಯಾರು ಮೊದಲು ನಿಲ್ಲಿಸಬೇಕೋ ತಿಳಿಯದೆ ಹಾಗೇ ನಡೆದಿತ್ತು. ನಾನು ಡಬ್ಬಿ ತೆರೆದು ಕಡಕ್ ರೊಟ್ಟಿ, ಶೇಂಗಾ ಚಟ್ನಿ ಮುಂದಿಟ್ಟೆ. ಒಂದು ಚೂರು ತಿಂದಳು, ಕಣ್ಣಲ್ಲಿ ನೀರು ಬಂತು, ಇನ್ನೊಂದು ಚೂರು ಕೇಳಿದಳು. ನನ್ನ ಗಂಡನ ಹತ್ತು ವರ್ಷ ನುಂಗಿದವಳ ಮೇಲೆ ಸಿಟ್ಟು ಮಾಡಬೇಕೆಂದಿದ್ದೆ. ಆಗಲಿಲ್ಲ.

"ಮ್ಯಾಲೆ ಹೋಗಿ ಖರೇ ಹೇಳ್ರಿ" ಅಂದೆ, ಅವಳು ಹೋದ ಮೇಲೆ. "ಮೊದಲ ಕೊಸರು ಇತ್ತು, ಯಾರೋ ತಗಸಿದ್ರು ಅಂತ."

"ಸೋತ ಮ್ಯಾಲೆ ಕೊಸರು ಕೇಳಬಾರದು."

"ಝಳಕಿ ಕ್ರಾಸಿನಾಗ ಬ್ಯಾನರ್ ಕಟ್ಟತಾರ್ರಿ, ನೆನಪೈತೇನು?"

ಅವರು ಅನ್ನ ಹಾಗೇ ಬಿಟ್ಟು ಎದ್ದರು.

ಮಧ್ಯಾಹ್ನ ಅವರ ಹೆಸರು ಕರೆದಾಗ ನನ್ನ ಎದೆಯಲ್ಲಿ ಟಂಟಂ ಓಡುತ್ತಿತ್ತು. ಎದ್ದು ಹೋಗಿ ಮೊದಲ ಪಾರದರ್ಶಕ ಹಾಳೆಯನ್ನು ಯಂತ್ರದ ಮೇಲಿಟ್ಟು ಪರದೆಗೆ ಹಾಕಿದರು. ಅದರಲ್ಲಿ ಅವರ ಅಂಕಿ, ಸುತ್ತ ಚೌಕಟ್ಟು. ನಾನೇ ಪಟ್ಟಿಯಿಟ್ಟು ಎಳೆದ ಚೌಕಟ್ಟು. ಜೇಬಿನಿಂದ ಪೆನ್ನು ತೆಗೆದು ಅಂಕಿಯ ಮೇಲೆ ಅಡ್ಡಗೆರೆ ಎಳೆದರು.

"ಇದು ಇವತ್ತ ಮುಂಜಾನಿತನಕ ಖರೆ ಇತ್ತು" ಅಂದರು.

ಸಭೆ ನಕ್ಕಿತು. ಅವರು ನಗಲಿಲ್ಲ. ಕಾಳು ಮಲಗಿಯೇ ಇರುತ್ತದೆ ಎಂದು ತಾವು ನಂಬಿದ್ದು ಎಲ್ಲಿ, ಆ ನಂಬಿಕೆ ಲೆಕ್ಕದ ಯಾವ ಸಾಲಿನಲ್ಲಿ ಹೊಕ್ಕಿತು ಎಂದು ಒಂದೊಂದೇ ತೋರಿಸಿದರು. ನಡುವೆ ಜಪಾನಿನ ಹುಡುಗಿಯನ್ನೇ ಕೇಳಿದರು, "ನಿಂತ ಕಾಳು ಎಷ್ಟು ಎತ್ತರ ಇರಬಹುದಮ್ಮ? ಬಾಳ ಎತ್ತರ ಆದ್ರ ಬೀಳೂದಿಲ್ಲೇನು?" ಅವಳು ಎದ್ದು ಉತ್ತರ ಹೇಳಿದಳು. ಇವರು ಕಪ್ಪು ಹಲಗೆಗೆ ಹೋಗಿ ಅಲ್ಲೇ ಲೆಕ್ಕ ಹೂಡಿದರು. ಇಂಡಿಯ ಕಾಲೇಜಿನ ಪಾಠ ನಡೆದ ಹಾಗೇ. ಎರಡು ದಿನ ತೂಕಡಿಸಿದವರೂ ಮುಂದೆ ಬಾಗಿ ಕೂತಿದ್ದನ್ನು ನಾನು ನೋಡಿದೆ.

ಪ್ರಶ್ನೆಗಳು ಮುಗಿಯುವ ಹೊತ್ತಿಗೆ ವೇದಿಕೆಯಿಂದ ಅಜ್ಜಾರು, "ಒಂದು ಕೇಳಬೇಕಿತ್ತು" ಅಂದರು. "ನಿಮ್ಮ ಹೆಂಡತಿ ಸಂತಿಯಾಗ ಒಂದು ಪದ್ಧತಿ ಕಲಿಸಿದ್ರು. ತೂಕ ಆದ ಮ್ಯಾಲೆ ಮ್ಯಾಲಿಂದು. ನಿಮ್ಮ ಅಂಕಿಗೆ ಅದನ್ಯಾಕ ಹಾಕಲಿಲ್ಲ?"

ನನಗೆ ಕುರ್ಚಿಯೊಳಗೆ ಇಳಿದುಹೋಗುವ ಹಾಗಾಯಿತು. ನಮ್ಮವರು ನನ್ನ ಕಡೆ ಒಂದು ನೋಟ ಬೀರಿ, "ಹಾಕಿದ್ದೆ" ಅಂದರು. "ಅಚ್ಚಿಗಿಂತ ಮೊದಲ ನೋಡಿದವರು ಆಧಾರ ಕೇಳಿದ್ರು. ಕೇಳಿದ್ದು ತಪ್ಪಲ್ಲ. ತಗದೆ."

ಅಜ್ಜಾರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಕೇಳಿದಾವ ನಾನ" ಅಂದರು. "ಐದು ಸಲ ನನ್ನ ಮಿತಿ ತಪ್ಪೇತಿ. ಇದು ಆರನೇದು. ನಿಮ್ಮ ಲೇಖನ ತಿದ್ದಿ ಮತ್ತ ಅಚ್ಚು ಹಾಕಸ್ತೇನಿ, ಕೊಸರು ಸಹಿತ. ಅಲ್ಲಿಗೆ ನಿಮ್ಮ ಮಿತಿ ದಾಟಿದಂಗ ಆಗೂದಿಲ್ಲ."

ಸಭೆ ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆ, ಉಳಿದವರಿಗಿಂತ ಜೋರಾಗಿ. ಬ್ಯಾನರು ಉಳಿಯಿತು, ಹಾರ ಉಳಿಯಿತು.

ನಮ್ಮ ಮನೆಯವರು ಬೇಡ ಅಂದರು.

"ಉಪಕಾರ ಆತ್ರಿ. ಆದ್ರ ನಮ್ಮ ಕಡೆ ಕೊಸರನ್ನ ಲೆಕ್ಕಕ್ಕ ಹಿಡಿಯೂದಿಲ್ಲ. ಲೆಕ್ಕಕ್ಕ ಹಿಡಿದ್ರ ಅದು ತೂಕ ಆಗತೈತಿ. ಆಧಾರ ಇಲ್ಲದ ಒಂದು ಹಿಡಿಯಿಂದ ನಾ ಗೆದ್ದೆ ಅನ್ನಾಕ ಬರೂದಿಲ್ಲ. ಆಕಿ ದಾಟ್ಯಾಳ. ದಾಟಿದ್ದು ದಾಟಿದ್ದ."

ನನ್ನ ಕೈ ಚಪ್ಪಾಳೆಯ ನಡುವೆ ನಿಂತುಬಿಟ್ಟಿತು. ಆ ಕ್ಷಣಕ್ಕೆ ಗಂಡನ ಮೇಲೆ ಬಂದಷ್ಟು ಸಿಟ್ಟು ಮದುವೆಯಾದಾಗಿನಿಂದ ಬಂದಿರಲಿಲ್ಲ. ಕೆಳಗಿಳಿದು ಬಂದು ಪಕ್ಕದಲ್ಲಿ ಕೂತರು. ಅವರ ಅಂಗೈ ಒದ್ದೆಯಾಗಿತ್ತು. ನನ್ನ ಸೆರಗು ಕೊಟ್ಟೆ, ಒರೆಸಿಕೊಂಡರು. ಸಿಟ್ಟಿನಲ್ಲೂ ಸೆರಗು ಬಿಡಿಸಿಕೊಳ್ಳಲಿಲ್ಲ.

ಕೊಸರಿನ ಸಮಿತಿ

ಕೊನೆಯ ದಿನ ಎಲ್ಲ ಪಂಡಿತರೂ ಸೇರಿ ಮುಂದಿನ ಮಿತಿಗಳನ್ನು ಠರಾಯಿಸುವ ಕಾರ್ಯಕ್ರ‌ಮ. ಅಜ್ಜಾರು ಎದ್ದು, ಇನ್ನು ಮುಂದೆ ಯಾರೇ ಮಿತಿ ಹೇಳಿದರೂ ಅದಕ್ಕೆ ಕೊಸರು ಹಾಕಿಯೇ ಹೇಳತಕ್ಕದ್ದು ಎಂದು ಸೂಚನೆ ಮಂಡಿಸಿದರು. ಎಲ್ಲರೂ ಒಪ್ಪಿದರು. ಒಪ್ಪಿದ ಮೇಲೆ ಜಗಳ ಶುರುವಾಯಿತು.

ಕೊಸರಿನ ಪ್ರಮಾಣ ಎಷ್ಟು? ನಮ್ಮವರನ್ನು ಕೇಳಿದರು. "ಕೈಗೆ ಬಂದಷ್ಟು" ಅಂದರು. ಯಾರ ಕೈ? ಮಾರುವವನ ಕೈಯೋ, ಕೊಳ್ಳುವವನ ಕೈಯೋ? ಮುಷ್ಟಿ ಬಿಗಿಯೋ ಸಡಿಲೋ? ದಪ್ಪ ಕನ್ನಡಕದ ಒಬ್ಬರು ಗಂಡಸರ, ಹೆಂಗಸರ ಕೈಗಳ ಸರಾಸರಿ ತೆಗೆಯಬೇಕು ಅಂದರು. ಇನ್ನೊಬ್ಬರು ಕೊಸರಿಗೂ ಒಂದು ಮಿತಿ ಬೇಕು, ಇಲ್ಲದಿದ್ದರೆ ಕೊಸರೇ ಮಿತಿಗಿಂತ ದೊಡ್ಡದಾದೀತು ಅಂದರು. ಆ ಮಿತಿಗೆ ಕೊಸರು ಬೇಡವೇ ಎಂದು ಮೂರನೆಯವರು ಕೇಳಿದರು. ಚಹಾ ಆರಿಹೋಯಿತು. ಕೊನೆಗೆ ಒಂದು ಸಮಿತಿ ಮಾಡಿದರು. ವರದಿ ಕೊಡಲಿಕ್ಕೆ ಅದಕ್ಕೆ ಎಷ್ಟು ಕಾಲ ಬೇಕೆಂದು ಕೇಳಿದಾಗ ಬಂದ ಉತ್ತರ ನೀವು ಊಹಿಸಬಲ್ಲಿರಿ.

ಅಂದು ಸಂಜೆ ಕಾಸು ಹಾಕುವ ಫೋನಿನಿಂದ ಗೊಳಸಂಗಿಗೆ ಮಾಡಿದೆ. ಬಸುವನ್ನು ಕರೆತರುವಷ್ಟರಲ್ಲಿ ಅರ್ಧ ಕಾಸು ತೀರಿತು.

"ಬಸು, ಬ್ಯಾನರ್ ತಡೀಪಾ. ನಿಮ್ಮ ಮಾಮಾನ ಮಿತಿ ದಾಟ್ಯಾರ."

"ಯಾರಕ್ಕಾ?"

"ಜಪಾನಿನ ಒಂದು ಹುಡುಗಿ."

"ಅಕ್ಕಾ, ಬಣ್ಣ ಒಣಗೇತಿ."

"ಅಳಿಸಲೋ!"

"ಎಣ್ಣಿ ಬಣ್ಣ. ಎಷ್ಟ ದಾಟ್ಯಾಳ?"

"ಒಂದೀಟು. ಕೊಸರಿನಷ್ಟು."

ಕಾಸು ಮುಗಿದು ಫೋನು ಕಟ್ಟಾಯಿತು.

ಮತ್ತೆ ಝಳಕಿ

ಸೊಲ್ಲಾಪುರದ ಬಸ್ಸು ನಿಂತಾಗ ಬೇವಿನ ಮರಕ್ಕೆ ಬ್ಯಾನರ್ ಕಟ್ಟಿತ್ತು. ನಮ್ಮ ಮನೆಯವರು ಕಿಟಕಿಯಿಂದ ನೋಡಿದರು, ಇಳಿಯಲಿಕ್ಕೆ ಏಳಲೇ ಇಲ್ಲ. ಕಂಡಕ್ಟರ್, "ಇಳೀರಿ ಸರ್, ನಿಮ್ಮದ ಇರ್ಬೇಕು" ಅಂದ.

ಬಸು ಹಳೆಯ ಸಾಲನ್ನು ಹಾಗೇ ಬಿಟ್ಟಿದ್ದ. ನಡುವೆ ಸಣ್ಣ ಅಕ್ಷರದಲ್ಲಿ, ಬೇರೆ ಬಣ್ಣದಲ್ಲಿ ಒಂದು ಮಾತು ತುರುಕಿಸಿದ್ದ. 'ಜಗತ್ತಿಗೇ ಮಿತಿ (ಕೊಸರು ಬಿಟ್ಟು) ಹಾಕಿದ ನಮ್ಮ ಪ್ರೊಫೆಸರರಿಗೆ ಹಾರ್ದಿಕ ಸ್ವಾಗತ.' ಕಾಲೇಜಿನ ಪ್ರಿನ್ಸಿಪಾಲರು ಅದರ ಅರ್ಥ ಕೇಳದೆ ಹಾರ ಹಾಕಿದರು. ನಮ್ಮವರು ಬ್ಯಾನರನ್ನು ಮತ್ತೆ ಮತ್ತೆ ಓದಿದರು.

"ಸುಳ್ಳೇನ ಇಲ್ಲಲ್ರಿ ಮಾಮಾರ" ಅಂದ ಬಸು, ಹೆದರುತ್ತ.

"ಇಲ್ಲಪಾ" ಅಂದರು. "ನನ್ನ ಲೇಖನಕ್ಕಿಂತ ನಿಂದ ಬರೋಬ್ಬರಿ ಐತಿ." ಜರ್ಮನಿ ಬಿಟ್ಟ ಮೇಲೆ ಅವರು ನಕ್ಕದ್ದು ಅದೇ ಮೊದಲು.

ನಿಂತ ಕಾಳಿನ ಲೆಕ್ಕವನ್ನು ಆ ವಾರವೇ ಶುರು ಮಾಡಿದರು. ಅದು ಮುಗಿದು ಅಚ್ಚಾಯಿತು. ಆಮೇಲೆ ಕೆಲವು ವರ್ಷಕ್ಕೆ, ಒಂದು ದಿನ ಜಪಾನಿನಿಂದ ಕಾಲೇಜಿನ ಆಫೀಸಿಗೆ ಫೋನು ಬಂತು. ಅದೇ ಹುಡುಗಿ. ಹೊಸ ಮಿತಿಯನ್ನೂ ದಾಟಿದ್ದರು, ಈ ಸಲ ಬಹಳ ದೂರ. ನಮ್ಮ ಮನೆಯವರು ಫೋನು ಇಟ್ಟು ಬಸ್‌ ಸ್ಟ್ಯಾಂಡಿನ ಮಿಠಾಯಿ ಅಂಗಡಿಗೆ ಹೋಗಿ ಬಿಸಿ ಜಿಲೇಬಿ ಕಟ್ಟಿಸಿಕೊಂಡು ಬಂದು ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಹಂಚಿದರು. ಪ್ರಿನ್ಸಿಪಾಲರು ಕೈ ಚಾಚುತ್ತ, "ಏನ್ರಿ, ಪ್ರಮೋಷನ್ ಬಂತೇನು?" ಎಂದು ಕೇಳಿದರಂತೆ. "ಇಲ್ರಿ, ನನ್ನ ಲೆಕ್ಕ ಮತ್ತ ತಪ್ಪೇತಿ" ಅಂದು, ಕೈ ತೊಳೆದುಕೊಂಡು, ಎರಡನೆಯ ವರ್ಷದವರಿಗೆ ಪಾಠ ಹೇಳಲಿಕ್ಕೆ ಹೋದರಂತೆ.